ಗೌರಿ ಮೈಮೇಲೆ ಗಂಟು

ಮೊದಲು ನೋಡಿದ್ದು ಆಯಿ. ಹಾಲು ಕರೆಯಲು ಕೂತವಳು ಗೌರಿಯ ಕುತ್ತಿಗೆ ಸವರಿ, "ಇದೆಂತದಾ ತಮಾ, ಗೋಟಡಿಕೆ ಹಾಂಗೆ ಗಟ್ಟಿ ಇದ್ದಲಾ" ಅಂದಳು. ಮಾರನೇ ದಿನ ಮೈತುಂಬಾ ಗಂಟು, ಸುಡುವ ಜ್ವರ. ಹಿಂಡಿ ಮೂಸಿಯೂ ನೋಡಲಿಲ್ಲ. ಚರ್ಮಗಂಟು ರೋಗ.

ಇದು ಸಿಡುಬಿನ ಕುಟುಂಬದ ವೈರಸ್. ಕುರಿ, ಮೇಕೆ ಸಿಡುಬಿಗೆ ಹತ್ತಿರದ ನೆಂಟ, ಅದಕ್ಕೇ ನಮ್ಮಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕುತ್ತಾ ಬಂದರು. 1929ರಲ್ಲಿ ಜಾಂಬಿಯಾದಲ್ಲಿ ಮೊದಲು ಕಂಡಿದ್ದು, ಭಾರತಕ್ಕೆ ಬಂದಿದ್ದು 2019ರಲ್ಲಿ. ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣುಗಿನಿಂದ. ಶಿರಸಿ ಕಡೆಯ ಮಳೆಗಾಲದ ಕೊಟ್ಟಿಗೆ ಗೊತ್ತಲ್ವಾ, ಸೊಪ್ಪು ಹಾಸಿ ಹಾಸಿ ಕೆಳಗೆ ಗೊಬ್ಬರ ಹದವಾಗಿ ಬೆಚ್ಚಗಿರುತ್ತದೆ, ನೊಣಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಾ?

ವೈರಸ್ ಕೊಲ್ಲುವ ಔಷಧಿ ಇಲ್ಲ. ಡಾಕ್ಟರು ಕೊಟ್ಟ ಆ್ಯಂಟಿಬಯಾಟಿಕ್ ಒಡೆದ ಗಂಟಿಗೆ ಬೇರೆ ಸೋಂಕು ತಾಗದಿರಲಿ ಅಂತ, ಅಷ್ಟೇ. ಉಳಿದದ್ದು ನಮ್ಮ ಕೆಲಸ: ಗೌರಿಯನ್ನು ಬೇರೆ ಕಟ್ಟಿದೆವು, ಸಂಜೆ ಹೊಗೆ ಹಾಕಿದೆವು, ಗಾಯಕ್ಕೆ ಬೇವಿನೆಣ್ಣೆ ಹಚ್ಚಿದೆವು, ಗಂಜಿ ಕುಡಿಸಿದೆವು. ಲಸಿಕೆ ಹಾಕಿಸುವುದನ್ನು "ಮುಂದಿನ ವಾರ" ಅಂತ ತಳ್ಳಿದ್ದು ನಾನೇ. ಆಯಿ ಅದನ್ನು ದಿನಕ್ಕೆ ಮೂರು ಸಲ ನೆನಪಿಸಿದಳು.

ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಆದರೂ ಪಕ್ಕದ ಮನೆಯವರು ಸುಮ್ನೆ ನಮ್ಮ ಇನ್ನೊಂದು ದನದ ಹಾಲನ್ನೂ ಬಿಟ್ಟರು! ಕಾಯಿಸಿ ಕುಡಿದರೆ ಏನೂ ಆಗಲ್ಲ ಅಂದರೂ ಕೇಳಲಿಲ್ಲ.

ಹನ್ನೆರಡನೇ ದಿನ ಗೌರಿ ಬಾಳೆಎಲೆ ತಿಂದಳು. ಗಂಟುಗಳ ಹಕ್ಕಳೆ ಉದುರುತ್ತಿದೆ. ಹಾಲು ಮಾತ್ರ ಅರ್ಧಕ್ಕೆ ನಿಂತಿದೆ.