ಗೇರ್ ಆಯಿಲ್ ಬೆಳ್ಳಗಾದರೆ ಹೊಸತು ಹಾಕಿದರೆ ಸಾಕೇ?

ಮೇ ತಿಂಗಳಲ್ಲಿ, ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಸಿಕ್ಕಿಸಿದ ನಾಡದೋಣಿಯವರಿಂದ ನನಗೆ ಬರುವ ಕರೆಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯವು: “ಔಟ್‌ಬೋರ್ಡಿನ ಗೇರ್ ಆಯಿಲ್ ಬೆಳ್ಳಗಾಗಿದೆ ಮಾರಾಯ್ರೆ, ಹೊಸತು ಹಾಕಿದ್ರೆ ಸಾಕಲ್ಲ?” ಸಾಲದು. ಬಾಯಲ್ಲಿ ಹೇಳಿ ಹೇಳಿ ದಣಿದಿರುವುದರಿಂದ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಕೇಳುವವರು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು, ನನ್ನಿಂದ ಒಂದು ‘ಹೂಂ’ ಮಾತ್ರ ಬಯಸುತ್ತಾರೆ. ಆ ‘ಹೂಂ’ ನಾನು ಕೊಡುವುದಿಲ್ಲ, ಮೆಕ್ಯಾನಿಕ್ಕಿಗೆ ಕೆಲಸ ಬೇಕಾಗಿದೆ ಎಂದು ಯಾರಾದರೂ ಅಂದುಕೊಂಡರೂ ಚಿಂತೆಯಿಲ್ಲ.

ಎಂಜಿನ್ನಿನಿಂದ ನೆಟ್ಟಗೆ ಕೆಳಗಿಳಿದ ಶಾಫ್ಟಿನ ತಿರುಗುವಿಕೆಯನ್ನು ಫ್ಯಾನಿನ (ನೀರನ್ನು ತಳ್ಳಿ ದೋಣಿ ಓಡಿಸುವ ಪ್ರೊಪೆಲರ್) ಅಡ್ಡ ಶಾಫ್ಟಿಗೆ ದಾಟಿಸುವ ಗೇರುಗಳು ಸದಾ ನೀರಿನಲ್ಲಿ ಮುಳುಗಿರುವ ಪೆಟ್ಟಿಗೆಯೊಳಗಿವೆ. ಅಲ್ಲಿನ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತೆಂದರೆ ಒಳಗೆ ನೀರು ಹೊಕ್ಕಿದೆ ಎಂದೇ ಅರ್ಥ. ಹಳೆಯದಾದ ಎಣ್ಣೆ ಕಪ್ಪಾಗುತ್ತದೆಯೇ ಹೊರತು ಬೆಳ್ಳಗಾಗುವುದಿಲ್ಲ. ಓಡುವಾಗ ಪೆಟ್ಟಿಗೆ ಬಿಸಿಯಾಗುತ್ತದೆ. ಎಂಜಿನ್ ನಿಲ್ಲಿಸಿದೊಡನೆ ಸುತ್ತಲಿನ ನೀರಿನಿಂದಾಗಿ ಬೇಗನೆ ತಣಿದು ಒಳಗಿನ ಒತ್ತಡ ಇಳಿಯುತ್ತದೆ. ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಉಂಗುರ, ಅಂದರೆ ಸೀಲು, ಸವೆದಿದ್ದರೆ ಆ ಹೊತ್ತಿನಲ್ಲಿ ಪೆಟ್ಟಿಗೆಯೇ ಹೊರಗಿನ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ನೀವು ಹೊಸ ಎಣ್ಣೆ ತುಂಬಿಸಿದ ಮೇಲೂ ದೋಣಿ ನಿಲ್ಲಿಸಿದಾಗಲೆಲ್ಲ ಅದು ಮತ್ತೆ ಕೆಡುತ್ತಾ ಹೋಗುತ್ತದೆ, ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತಾ ಹೋಗುತ್ತದೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ನೀರು ಯಾವ ದಾರಿಯಿಂದ ಬಂತು? ಇದನ್ನು ಯಾರಾದರೂ ಕೇಳಿದರೆ ನಾನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಅವರನ್ನು ಕೂರಿಸಿಕೊಂಡು ಉತ್ತರಿಸುತ್ತೇನೆ.

ಎರಡು ವರ್ಷದ ಹಿಂದಿರಬೇಕು, ಗಂಗೊಳ್ಳಿ ಕಡೆಯ ಒಬ್ಬರು ತಮ್ಮ ಎಂಜಿನ್ನಿನ ಕೆಳಭಾಗವನ್ನು ಗೋಣಿಯಲ್ಲಿ ಸುತ್ತಿಕೊಂಡು ತಂದರು. ಆ ಹಂಗಾಮಿನಲ್ಲಿ ಅವರು ಮತ್ತೆ ಮತ್ತೆ ಎಣ್ಣೆ ಬದಲಾಯಿಸಿದ್ದರು. ಎಣ್ಣೆಯೇ ಕಲಬೆರಕೆಯದು ಎಂದು ಅಂಗಡಿಯವನೊಡನೆ ಜಗಳವನ್ನೂ ಆಡಿ ಬಂದಿದ್ದರು. ನಾನು ಎಣ್ಣೆ ಇಳಿಸಿ, ಸ್ಕ್ರೂ ತೂತಿಗೆ ಮಾಪಕವಿರುವ ಕೈಪಂಪು ಜೋಡಿಸಿ, ಸುಮಾರು 10 ಪಿಎಸ್‌ಐ ಒತ್ತಡದವರೆಗೆ ಗಾಳಿ ತುಂಬಿ, ಪೆಟ್ಟಿಗೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದೆ. ಮುಳ್ಳು ಕದಲಲಿಲ್ಲ, ಒಂದು ಗುಳ್ಳೆಯೂ ಬರಲಿಲ್ಲ. “ನೋಡಿದ್ರಾ, ಸೀಲ್ ಸರಿ ಉಂಟು” ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಅವರ ಮಾತೇ ಗೆಲ್ಲುತ್ತಿತ್ತು. ಫ್ಯಾನಿನ ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಒಂದು ನಿರ್ದಿಷ್ಟ ಜಾಗದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಫ್ಯಾನು ಕಳಚಿ ಅದರ ಹಿಂದಿನ ದಪ್ಪ ವಾಷರನ್ನು ಎಳೆದರೆ, ಶಾಫ್ಟಿಗೆ ಸುತ್ತಿಕೊಂಡ ಬಲೆಯ ನೈಲಾನ್ ನೂಲು ಬಿಸಿಗೆ ಕರಗಿ ಗಟ್ಟಿ ಬಳೆಯಾಗಿ ಕೂತಿತ್ತು. ಅದರ ಒಂದು ಎಳೆ ಸೀಲಿನ ತುಟಿಯ, ಅಂದರೆ ಶಾಫ್ಟಿಗೆ ಒತ್ತಿಕೊಳ್ಳುವ ಅಂಚಿನ, ಅಡಿಗೇ ನುಗ್ಗಿತ್ತು. ಅವರು ಆ ಬಳೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು, ಅಂಗಡಿಯವನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ನೂಲೇ ನಮ್ಮ ಕರಾವಳಿಯ ಔಟ್‌ಬೋರ್ಡುಗಳ ದೊಡ್ಡ ಶತ್ರು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಫ್ಯಾನಿಗೆ ಬಲೆ ಸಿಲುಕಿದಾಗ ಕಣ್ಣಿಗೆ ಕಂಡದ್ದನ್ನು ಕತ್ತರಿಸಿ ತೆಗೆದು ಮುಂದೆ ಹೋಗುತ್ತೀರಿ. ದಡಕ್ಕೆ ಬಂದ ಮೇಲೆ ಫ್ಯಾನು ಬಿಚ್ಚಿ ಹಿಂದೆ ಏನು ಉಳಿದಿದೆ ಎಂದು ನೋಡುವವರು ಕಡಿಮೆ. ಫ್ಯಾನಿನ ಶಾಫ್ಟಿನ ಸೀಲು ಬದಲಿಸುವಾಗ ಅಲ್ಲಿ ಜೋಡಿಯಾಗಿರುವ ಎರಡನ್ನೂ ಬದಲಿಸಬೇಕು, ಹಳೆಯವು ಯಾವ ದಿಕ್ಕಿಗೆ ಮುಖ ಮಾಡಿದ್ದವೋ ಹಾಗೆಯೇ ಕೂರಿಸಿ, ತುಟಿಗೆ ಗ್ರೀಸ್ ಸವರಬೇಕು. ಅದಕ್ಕೂ ಮೊದಲು ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ; ಹಳೆಯ ಸೀಲು ಕೊರೆದ ಗೆರೆಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ಅಲ್ಲಿ ನಿಲ್ಲುವುದಿಲ್ಲ. ನೀರಿಗೆ ಬೇರೆ ದಾರಿಗಳೂ ಇವೆ: ವಾಟರ್ ಪಂಪಿನ ಅಡಿಯಲ್ಲಿ ನೆಟ್ಟ ಶಾಫ್ಟಿನ ಸೀಲು, ಗೇರ್ ಬದಲಿಸುವ ಸರಳಿನ ಸೀಲು, ಮತ್ತು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ, ಎಣ್ಣೆ ಬದಲಿಸುವಾಗ ತೆಗೆಯುವ ಮೇಲಿನ-ಕೆಳಗಿನ ಎರಡು ಸ್ಕ್ರೂಗಳ ವಾಷರುಗಳು. ಕೆಲವು ರೂಪಾಯಿಯ ಆ ವಾಷರನ್ನು ಪ್ರತಿ ಸಲವೂ ಹೊಸತು ಹಾಕಿ, ದಯವಿಟ್ಟು.

ಎಣ್ಣೆ ಬದಲಿಸುವ ಕ್ರಮ ಕಷ್ಟದ್ದಲ್ಲ. ಎಂಜಿನ್ನನ್ನು ರಾತ್ರಿಯಿಡೀ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಸ್ಕ್ರೂವನ್ನು ತುಸುವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ, ಬೆರೆಯದೆ ಉಳಿದ ನೀರಿದ್ದರೆ ಮೊದಲ ಹನಿಗಳಲ್ಲೇ ಕಾಣುತ್ತದೆ. ಆಮೇಲೆ ಮೇಲಿನ ಸ್ಕ್ರೂ ತೆಗೆದರೆ ಎಣ್ಣೆ ಸರಾಗವಾಗಿ ಇಳಿಯುತ್ತದೆ. ಕೆಳಗಿನ ಸ್ಕ್ರೂವಿನಲ್ಲಿ ಅಯಸ್ಕಾಂತವಿದ್ದರೆ ಅದರ ತುದಿಯನ್ನು ಬೆರಳಲ್ಲಿ ಉಜ್ಜಿ: ನುಣ್ಣನೆಯ ಬೂದು ಲೇಪ ಸಹಜ, ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲು ಹೋಗುತ್ತಿದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಒತ್ತಿ ತುಂಬಬೇಕು, ಮೇಲಿನಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಎಣ್ಣೆ ಉಕ್ಕಿದಾಗ ಮೊದಲು ಮೇಲಿನ ಸ್ಕ್ರೂ ಬಿಗಿಯಿರಿ, ನಂತರ ಕೆಳಗಿನದು. ಸಾಮಾನ್ಯವಾಗಿ ಹಾಕುವುದು 90ರ ದರ್ಜೆಯ ಹೈಪಾಯ್ಡ್ ಗೇರ್ ಆಯಿಲ್; ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಸೀಮೆಎಣ್ಣೆಗೆ ಬೆರೆಸುವ 2ಟಿ ಎಣ್ಣೆಯನ್ನು ಇಲ್ಲಿಗೆ ಸುರಿಯಬೇಡಿ. 100 ಗಂಟೆ ಓಡಿದಾಗ ಅಥವಾ 6 ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಷ್ಟೇ ಕಡಲಿಗಿಳಿಯುವ ಆ 61 ದಿನಗಳಲ್ಲಿ, ಅಳಿವೆಯ ಬಾಯಲ್ಲಿ ಅಲೆ ಏಳುವಾಗ ದೋಣಿಯ ಮೂತಿಯನ್ನು ನೇರವಾಗಿ ಹಿಡಿದಿಡುವುದು ಆ ಪುಟ್ಟ ಪೆಟ್ಟಿಗೆಯೊಳಗಿನ ಗೇರುಗಳು. ಅಲ್ಲಿ ಗೇರು ಕೈಕೊಟ್ಟರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಆದ್ದರಿಂದ ಒತ್ತಡದ ಪರೀಕ್ಷೆಯನ್ನು ಮೇ ತಿಂಗಳಲ್ಲೇ ಮಾಡಿಸಿ. ಹಂಗಾಮು ಮುಗಿದು ಎಂಜಿನ್ ಮೇಲಿಡುವಾಗ ಎಣ್ಣೆಯನ್ನು ಆಗಲೇ ಬದಲಿಸಿಡಿ, ಮುಂದಿನ ವರ್ಷ ಇಳಿಸುವ ಮುನ್ನವೆಂದು ಬಿಡಬೇಡಿ; ನೀರು ಬೆರೆತ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತ ಬೇರಿಂಗು, ಓಡಿದ ಬೇರಿಂಗಿಗಿಂತ ಬೇಗ ಹಾಳಾಗುತ್ತದೆ.