ಸಿಆರ್ ಹೇಳಿದ್ದನ್ನು ಬರೆದುಕೊಳ್ಳುವವರು ಯಾರು?

ನಮ್ಮದು ತಾಲ್ಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜು. ಪಾಠದ ಜೊತೆಗೆ ವಿದ್ಯಾರ್ಥಿ ಕ್ಷೇಮಪಾಲನೆಯ ಹೊಣೆಯೂ ನನ್ನ ಮೇಲಿದೆ. ಹಾಗಾಗಿ ಪ್ರತಿ ವರ್ಷ ವಿದ್ಯಾರ್ಥಿ ಸಂಘ ಕಟ್ಟುವ ಕೆಲಸ ನನ್ನ ಪಾಲಿನದು. ಈ ಹೊಣೆಗೆ ಹೊಸದಾಗಿ ಬಂದ ಬೇರೆ ಕಾಲೇಜಿನ ಅಧ್ಯಾಪಕರು ಫೋನ್ ಮಾಡಿ, "ಚುನಾವಣೆ ಹೇಗೆ ಮಾಡ್ತೀರಿ ಮೇಡಂ?" ಅಂತ ಕೇಳುತ್ತಾರೆ. ಗೆದ್ದವರಿಗೆ ಮರುದಿನದಿಂದ ಏನು ಕೆಲಸ ಕೊಡಬೇಕು ಅಂತ ಕೇಳುವವರು ಕಡಿಮೆ. ನನಗೆ ಈ ಎರಡನೇ ಪ್ರಶ್ನೆಯೇ ದೊಡ್ಡದು.

ಚುನಾವಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ 1990ರ ಆಸುಪಾಸಿನಲ್ಲೇ, ಕ್ಯಾಂಪಸ್ ಗಲಾಟೆಗಳ ಕಾರಣಕ್ಕೆ, ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತಿತು. ಈಗ ಹೆಚ್ಚಿನ ಕಡೆ ಮೊದಲು ತರಗತಿಗೊಬ್ಬ ಪ್ರತಿನಿಧಿ, ಅಂದರೆ ಸಿಆರ್. ಆಮೇಲೆ ಆ ಸಿಆರ್‌ಗಳೇ ಸೇರಿ ಅಧ್ಯಕ್ಷ, ಕಾರ್ಯದರ್ಶಿ, ಜತೆ ಕಾರ್ಯದರ್ಶಿಯನ್ನು ಆರಿಸುತ್ತಾರೆ. ಎಷ್ಟೋ ಕಡೆ ಅಂಕ ನೋಡಿ ನೇಮಕ ಮಾಡುವುದೂ ಇದೆ. ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗಿರಬೇಕು ಅಂತ ಹೇಳಿದ, ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಿದ ಲಿಂಗ್ಡೋ ಸಮಿತಿಯ ಶಿಫಾರಸುಗಳು ನೇರ ಮತದಾನ, ಸಿಆರ್‌ಗಳ ಮೂಲಕ ಆಯ್ಕೆ ಎರಡಕ್ಕೂ ಜಾಗ ಕೊಟ್ಟಿವೆ. ಅಭ್ಯರ್ಥಿಗೆ 75 ಶೇಕಡಾ ಹಾಜರಿ ಬೇಕು. ಖರ್ಚು 5,000 ರೂಪಾಯಿ ಮೀರಬಾರದು. ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಇಡೀ ಪ್ರಕ್ರಿಯೆ 10 ದಿನಗಳೊಳಗೆ ಮುಗಿಯಬೇಕು. ಇವೆಲ್ಲ ಒಳ್ಳೆಯ ನಿಯಮಗಳೇ. ಆ ವರ್ಷ ಯಾವ ವಿಷಯವೂ ಬಾಕಿ ಇರಬಾರದು ಅನ್ನುವ ಷರತ್ತಿನ ಬಗ್ಗೆ ಮಾತ್ರ ನನಗೆ ಬೇಜಾರಿದೆ. ರಾತ್ರಿ ಕೆಲಸಕ್ಕೆ ಹೋಗಿ ಬೆಳಿಗ್ಗೆ ಕ್ಲಾಸಿಗೆ ಬರುವ ಹುಡುಗನ ಒಂದು ಪೇಪರ್ ಉಳಿದಿರಬಹುದು. ಬಡ ಮಕ್ಕಳ ಕಷ್ಟ ಅವನಷ್ಟು ಬಲ್ಲವರು ಬೇರೆ ಯಾರು?

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಘ ಅಂದರೆ ಪದಗ್ರಹಣದ ದಿನ ಶಾಲು, ಬ್ಯಾಡ್ಜು, ಪ್ರಮಾಣ ವಚನ. ಅಲ್ಲಿಂದ ಸೀದಾ ಕಾಲೇಜ್ ಡೇ. ನಡುವಿನ ತಿಂಗಳುಗಳಲ್ಲಿ ಅಧ್ಯಕ್ಷರಿಗೆ ವೇದಿಕೆ ಅಲಂಕಾರ ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ಒಂದು ಸಭೆಯಲ್ಲಿ ಬಿಕಾಂ ಮೊದಲ ವರ್ಷದ ಸಿಆರ್ ಎದ್ದು ನಿಂತು, "ಮೇಡಂ, ಹೋದ ಸಲ ನಾನು ಹೇಳಿದ್ದನ್ನ ಯಾರಾದ್ರೂ ಬರ್ಕೊಂಡ್ರಾ?" ಅಂತ ಕೇಳಿದಳು. ಅವಳು ಹೇಳಿದ್ದು ಬಸ್ಸಿನ ವಿಷಯ. ಎರಡು ಹಳ್ಳಿಗಳ ಕಡೆಯಿಂದ ಬರುವ ಮಕ್ಕಳಿಗೆ ಮೊದಲ ಪೀರಿಯಡ್ ತಪ್ಪುತ್ತಿತ್ತು. ಅವರೇನೂ ಬೇಕಂತಲೇ ತಡ ಮಾಡುತ್ತಿರಲಿಲ್ಲ. ಆ ದಾರಿಯ ಬಸ್ಸೇ ಕಾಲೇಜಿನ ಗಂಟೆ ಹೊಡೆದ ಮೇಲೆ ಬರುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅಲ್ವಾ? ಅದು ಅವರ ಇಡೀ ವರ್ಷದ ಪ್ರಶ್ನೆ.

ಆ ಸಭೆಯಿಂದ ನಡಾವಳಿ ಪುಸ್ತಕ ಶುರುವಾಯಿತು. ಅದನ್ನು ಬರೆಯುವವಳು ಸಂಘದ ಕಾರ್ಯದರ್ಶಿ, ನಾನಲ್ಲ. ಯಾರು ಏನು ಕೇಳಿದರು, ಅದು ಯಾರ ಕೆಲಸ, ಏನು ಉತ್ತರ ಬಂತು, ಯಾವ ತಾರೀಖು ಅಂತ ಬರೆಯುತ್ತಾಳೆ. ಕೆಳಗೆ ಪ್ರಿನ್ಸಿಪಾಲರ ಸಹಿ. ವಿದ್ಯಾರ್ಥಿಗಳ ಕುಂದುಕೊರತೆ ಬಗ್ಗೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2023ರ ನಿಯಮಾವಳಿ ಇದೆ. ಕುಂದುಕೊರತೆ ಸಮಿತಿ ಆದಷ್ಟೂ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು ಅನ್ನುತ್ತದೆ ಅದು. ಅದೇ ಗಡುವನ್ನು ನಾವು ಸಂಘದ ಸಭೆಗೂ ಇಟ್ಟುಕೊಂಡೆವು. ಆಗದ ಕೆಲಸವಾದರೆ "ಆಗುವುದಿಲ್ಲ, ಕಾರಣ ಇದು" ಅಂತ ಬರೆಯಬೇಕು. "ನೋಡೋಣ" ಅನ್ನುವ ಉತ್ತರಕ್ಕೆ ಪುಸ್ತಕದಲ್ಲಿ ಜಾಗವಿಲ್ಲ.

ಬಸ್ಸಿನ ವಿಷಯಕ್ಕೆ ಸಂಘದವರೇ ಹಾಜರಿ ಪಟ್ಟಿ ಜೊತೆಗಿಟ್ಟು ಡಿಪೋ ಮ್ಯಾನೇಜರಿಗೆ ಅರ್ಜಿ ಬರೆದರು, ಹೋಗಿ ಭೇಟಿಯಾದರು. ಒಂದು ದಾರಿಯ ಬಸ್ಸಿನ ಸಮಯ ಬದಲಾಯಿತು. ಇನ್ನೊಂದು ದಾರಿಯದ್ದು ಆಗಲಿಲ್ಲ. ಅಲ್ಲಿಯ ಮಕ್ಕಳಿಗಾಗಿ ಮೊದಲ ಪೀರಿಯಡ್‌ನ ವೇಳಾಪಟ್ಟಿಯನ್ನೇ ಸ್ವಲ್ಪ ಮುಂದೆ ಹಾಕಿದೆವು. ಈ ಒಂದು ಕೆಲಸ ಆದಮೇಲೆ ಸಿಆರ್‌ಗಳು ಸಭೆ ತಪ್ಪಿಸುವುದು ನಿಂತಿತು.

ಪ್ರತಿ ತರಗತಿಗೆ ಒಬ್ಬರ ಬದಲು ಇಬ್ಬರು ಸಿಆರ್, ಒಬ್ಬ ಹುಡುಗ, ಒಬ್ಬಳು ಹುಡುಗಿ ಅಂತ ಮಾಡಿದ್ದೂ ಕೈ ಹಿಡಿಯಿತು. ಲೇಡೀಸ್ ರೂಮಿನಲ್ಲಿ ನೀರಿಲ್ಲ ಅನ್ನುವ ಮಾತು ಸಭೆಗೆ ಬಂದದ್ದೇ ಆಮೇಲೆ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿಯ 2015ರ ನಿಯಮಾವಳಿ ಪ್ರಕಾರ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಅದನ್ನು ವಿಚಾರಿಸುವ ಕಾಲೇಜಿನ ಆಂತರಿಕ ಸಮಿತಿಯಲ್ಲಿ ವಿದ್ಯಾರ್ಥಿ ಸದಸ್ಯರೂ ಇರಬೇಕು, ಅವರು ಚುನಾಯಿತರಾಗಿರಬೇಕು. ದಯವಿಟ್ಟು ಅಲ್ಲಿಗೆ ಸುಮ್ನೆ ಜಾಣ ಹುಡುಗಿಯ ಹೆಸರು ಬರೆದು ಫೈಲು ಮುಚ್ಚಬೇಡಿ. ಮಕ್ಕಳು ತಾವು ನಂಬುವವರ ಹತ್ತಿರ ಮಾತ್ರ ಇಂಥ ವಿಷಯ ಹೇಳುತ್ತಾರೆ.

ದುಡ್ಡಿನ ವಿಷಯ ಇನ್ನೂ ಮುಖ್ಯ. ಅಡ್ಮಿಷನ್ ವೇಳೆ ಸಂಘದ ಶುಲ್ಕ ಅಂತ ಮಕ್ಕಳಿಂದಲೇ ತೆಗೆದುಕೊಳ್ಳುತ್ತೇವೆ. ಅದರ ಖರ್ಚು ಅವರಿಗೆ ಗೊತ್ತಿರಬೇಕು. ನಮ್ಮಲ್ಲಿ ಈಗ ಪ್ರತಿ ಬಿಲ್ಲಿನ ಮೇಲೆ ಅಧ್ಯಕ್ಷರ ಸಹಿ, ನನ್ನ ಸಹಿ ಎರಡೂ ಬೇಕು. ಕಾರ್ಯಕ್ರಮ ಮುಗಿದ ವಾರದಲ್ಲಿ ಲೆಕ್ಕ ನೋಟಿಸ್ ಬೋರ್ಡಿಗೆ ಬರುತ್ತದೆ. ಶಾಮಿಯಾನದ ಬಾಡಿಗೆ ಜಾಸ್ತಿಯಾಯಿತು ಅಂತ ಹುಡುಗರೇ ಚೌಕಾಶಿ ಮಾಡಿ ಬರುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಸೆಮಿಸ್ಟರ್ ಪದ್ಧತಿಯಲ್ಲಿ ಸಂಘದ ಆಯುಷ್ಯ ಕಡಿಮೆ. ಕೆಲಸ ಕಲಿಯುವಷ್ಟರಲ್ಲಿ ಪರೀಕ್ಷೆ ಬರುತ್ತದೆ, ಕೊನೆಯ ವರ್ಷದವರು ಹೊರಟುಹೋಗುತ್ತಾರೆ. ಅದಕ್ಕೆ ಜತೆ ಕಾರ್ಯದರ್ಶಿ ಹುದ್ದೆಯನ್ನು ಎರಡನೇ ವರ್ಷದವರಿಗೇ ಮೀಸಲಿಟ್ಟಿದ್ದೇವೆ. ಮುಂದಿನ ವರ್ಷದ ಮೊದಲ ಸಭೆಯಲ್ಲಿ, ಹಳೆಯ ಪುಸ್ತಕದಲ್ಲಿ ಉತ್ತರ ಸಿಗದೆ ಉಳಿದ ಬೇಡಿಕೆಗಳನ್ನು ಓದಿ ಹೇಳುವುದು ಅವರ ಕೆಲಸ.