ಹಾಸನ ಎಡಿಷನ್, ಚಿಕ್ಕಮಗಳೂರು ಎಡಿಷನ್

ಸಕಲೇಶಪುರದ ಹುಡುಗಿ ಸಮುದ್ರದ ಬ್ಯಾಕ್ಟೀರಿಯಾ ಓದ್ತಾಳೆ ಅಂದ್ರೆ ನಮ್ಮೂರಲ್ಲಿ ಇನ್ನೂ ನಗ್ತಾರೆ. ಈ ಸಲ ರಜಕ್ಕೆ ಬಂದಾಗ ಅಪ್ಪ ಲ್ಯಾಪ್‌ಟಾಪ್ ಇಣುಕಿ ನೋಡಿ "ಬರೀ ಎ, ಸಿ, ಜಿ, ಟಿ ಅಂತಿದೆಯಲ್ಲಮ್ಮ, ಇದ್ರಲ್ಲಿ ನೀರೆಲ್ಲಿ?" ಅಂದ್ರು.

ನೀರು ಹಡಗಲ್ಲೇ ಸೋಸಿ ಆಗಿರತ್ತೆ ಅಪ್ಪ. ಕಾಫಿ ಫಿಲ್ಟರಲ್ಲಿ ಡಿಕಾಕ್ಷನ್ ಇಟ್ಕೊಂಡು ಚರಟ ಬಿಸಾಕ್ತೀವಿ, ಇಲ್ಲಿ ಉಲ್ಟಾ, 0.22 ಮೈಕ್ರಾನ್ ತೂತಿನ ಫಿಲ್ಟರ್ ಮೇಲೆ ಉಳಿದಿದ್ದೇ ಬೇಕು. ಒಂದು ಎಂಎಲ್ ಸಮುದ್ರದ ನೀರಲ್ಲಿ ಹತ್ರ ಹತ್ರ 10 ಲಕ್ಷ ಬ್ಯಾಕ್ಟೀರಿಯಾ, ಆದ್ರೆ ಲ್ಯಾಬಲ್ಲಿ ಪ್ಲೇಟ್ ಮೇಲೆ ಬೆಳ್ಸಕ್ಕೆ ಹೋದ್ರೆ ನೂರಕ್ಕೆ ಒಂದೂ ಬರಲ್ಲ, ಅದಕ್ಕೇ ಬೆಳೆಸೋ ಗೋಜೇ ಬೇಡ ಅಂತ ಎಲ್ಲದರ ಡಿಎನ್‌ಎ ಒಟ್ಟಿಗೆ ತೆಗೆದು ಅದರ ಎ, ಸಿ, ಜಿ, ಟಿ ಅಕ್ಷರಗಳನ್ನ ಚೂರು ಚೂರಾಗಿ ಓದಿ ಆಮೇಲೆ ಕಂಪ್ಯೂಟರಲ್ಲಿ ಜೋಡಿಸೋದು. 2004ರಲ್ಲಿ ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ತಂಡ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದ ನೀರಿಗೆ ಹಿಂಗೇ ಮಾಡಿ 12 ಲಕ್ಷ ಹೊಸ ಜೀನ್ ಹಿಡಿದಿತ್ತು.

ನನ್ನ ತಲೆನೋವು ಮಾತ್ರ ಒಂದು ಸಮುದ್ರದ ಬ್ಯಾಕ್ಟೀರಿಯಾ, ಎಸ್‌ಎಆರ್11. 1990ರಲ್ಲಿ ಬರೀ ಒಂದು ಜೀನ್ ನೋಡಿ ಇದೆ ಅಂತ ಗೊತ್ತಾಗಿದ್ದು, ಲ್ಯಾಬಲ್ಲಿ ಬೆಳೆದಿದ್ದು 2002ಕ್ಕೆ. ಸಮುದ್ರದ ಮೇಲ್ಪದರದಲ್ಲಿ ಎಷ್ಟೋ ಕಡೆ ನಾಲ್ಕರಲ್ಲೊಂದು ಕೋಶ ಇದೇ, ಜೀನೋಮ್, ಅಂದ್ರೆ ಅದರ ಪೂರ್ತಿ ಡಿಎನ್‌ಎ, ಬೇರೆ 13 ಲಕ್ಷ ಅಕ್ಷರ ಅಷ್ಟೆ (ಹೊಟ್ಟೆಯ ಇ.ಕೋಲಿಗೆ 46 ಲಕ್ಷ). ಇಷ್ಟು ಜಾಸ್ತಿ ಇದೆ, ಇಷ್ಟು ಪುಟ್ಟದು, ಎಲ್ಲಕ್ಕಿಂತ ಮೊದಲು ಇದೇ ಜೋಡಣೆ ಆಗತ್ತೆ ಅನ್ಕೊಂಡಿದ್ದೆ. ಎಲ್ಲಿ! ಇದೇ ಚೂರಾಗಿ ಕೂತಿದೆ, ಅಪರೂಪದವು ಎಷ್ಟೋ ನೀಟಾಗಿ ಬಂದಿವೆ.

ಅಪ್ಪನಿಗೆ ಮೂಲೇಲಿದ್ದ ಹಳೇ ಪೇಪರ್ ರಾಶಿ ತೋರಿಸಿ ಹೇಳ್ದೆ. ಒಂದೇ ದಿನದ ಒಂದೇ ಪೇಪರು, ಹಾಸನ ಎಡಿಷನ್, ಚಿಕ್ಕಮಗಳೂರು ಎಡಿಷನ್, ಇನ್ನೂ ನೂರು ಎಡಿಷನ್ ಇದಾವೆ ಅನ್ಕೋ, ಸುದ್ದಿ ಅದೇ, ಆದ್ರೆ ಅಲ್ಲಲ್ಲಿ ಎರಡೆರಡು ಪದ ಬೇರೆ. ಎಲ್ಲಾ ಹರಿದು ಒಂದೇ ಚೀಲಕ್ಕೆ ತುಂಬಿ ಜೋಡಿಸು ಅಂದ್ರೆ, ಈ ಚೂರಿನ ಪಕ್ಕ ಯಾವ ಎಡಿಷನ್ ಚೂರು ಇಡ್ಬೇಕು ಅಂತ ಸಾಫ್ಟ್‌ವೇರಿಗೆ ಗೊತ್ತಾಗದೆ ಅಲ್ಲೇ ಕೈ ಚೆಲ್ಲತ್ತೆ. ಎಸ್‌ಎಆರ್11ದೂ ಹಿಂಗೇ, ಅದೇ ನೀರಲ್ಲಿ ಅಲ್ಪಸ್ವಲ್ಪ ಬೇರೆ ಇರೋ ತಳಿ ಎಷ್ಟೋ. ಒಂದೇ ಕಾಪಿ ಇರೋ ಮದುವೆ ಕಾಗದದ ಥರ ಅಪರೂಪದವಕ್ಕೆ ಈ ಗೊಂದಲನೇ ಇಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು "ಅಷ್ಟು ಸಣ್ಣಗೆ ಯಾಕೆ ಹರೀತೀರಿ? ಅರ್ಧ ಪುಟ ಅರ್ಧ ಪುಟ ಇಟ್ಕೊಂಡ್ರೆ ಆಗಲ್ವಾ?" ಅಂದ್ರು.

ಆಗತ್ತೆ, ಲಾಂಗ್ ರೀಡ್ ಅಂತ ಅದಕ್ಕೆ ಬೇರೆ ಮಷೀನೇ ಇದೆ, ಒಂದೇ ಸಲಕ್ಕೆ ಸಾವಿರಾರು ಅಕ್ಷರ ಓದತ್ತೆ. ಆದ್ರೆ ಅದಕ್ಕೆ ಉದ್ದುದ್ದ ಡಿಎನ್‌ಎ ಬೇಕು, ನನ್ನ ಹಳೇ ಸ್ಯಾಂಪಲ್ಲು ತೆಗೆಯುವಾಗಲೇ ಪುಡಿಯಾಗಿದೆ.

"ಅಂದ್ರೆ ಮತ್ತೆ ನೀರು ಸೋಸ್ಬೇಕು."

"ಹೂಂ. ಹಡಗಲ್ಲಿ ಸೀಟ್ ಸಿಕ್ಕಿದ್ರೆ."